ಜೆಟ್ಟಿಯ ತುದಿಯಲ್ಲಿ ವೈಫೈ, ಕೆಳಗೆ ಶಾರ್ಕ್

ಸುರಕ್ಷತಾ ಅಧಿಕಾರಿಯ ಕೆಲಸ ಏನೂ ಆಗದಂತೆ ನೋಡಿಕೊಳ್ಳುವುದು. ಏನೂ ಆಗದಿದ್ದರೆ ‘ಹಾಗಾದರೆ ನಿನಗೇಕೆ ಸಂಬಳ’ ಎಂದು ಮ್ಯಾನೇಜರ್ ಕೇಳುತ್ತಾರೆ. ಏನಾದರೂ ಆದರೆ ಆಗಲೂ ಅದೇ ಪ್ರಶ್ನೆ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಮುಂದೆ ಎದೆಯುರಿ ಕಡಿಮೆ.

ನಾನು ಮಲೇಷ್ಯಾದ ಪೂರ್ವ ಕರಾವಳಿಯಾಚೆಯ ಒಂದು ಪುಟ್ಟ ದ್ವೀಪದ ರೆಸಾರ್ಟ್‌ನಲ್ಲಿ ಈ ಕೆಲಸ ಮಾಡಿದೆ. ೨೦೧೮ರ ಮಾರ್ಚ್‌ನಲ್ಲಿ ಸೇರಿ, ೨೦೨೨ರ ಏಪ್ರಿಲ್‌ನಲ್ಲಿ, ಮೂವತ್ತನೇ ವಯಸ್ಸಿಗೆ ಸಮುದ್ರದಿಂದ ನಿವೃತ್ತಳಾದೆ. ಮೂವತ್ತಕ್ಕೇ ನಿವೃತ್ತಿಯೇ ಎಂದು ನಗುವವರು ಒಂದು ಸೀಸನ್ ಪೂರ್ತಿ ಶಾರ್ಕ್‌ಗಳಿಗೆ ಮೀನು ಹಾಕುವ ದೋಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಪ್ರವಾಸಿಯ ಲೈಫ್‌ಜಾಕೆಟ್ಟನ್ನೂ ಇನ್ನೊಂದು ಕೈಯಲ್ಲಿ ಅವನ ಮೊಬೈಲನ್ನೂ ಹಿಡಿದು ನೋಡಬೇಕು. ಈಗ ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಒಂದು ಚಿಪ್ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೇನೆ. ಅಲ್ಲಿನ ಯಂತ್ರಗಳೂ ಬೆರಳು ಕತ್ತರಿಸಬಲ್ಲವು. ಆದರೆ ಅವಕ್ಕೆ ಕೈಯಾರೆ ತಿನ್ನಿಸಿ ಫೋಟೊ ತೆಗೆಸಿಕೊಳ್ಳಲು ಯಾರೂ ಟಿಕೆಟ್ ಕೊಂಡು ಬರುವುದಿಲ್ಲ.

ನಾನು ದಿನಚರಿ ಬರೆಯುವವಳು. ತಾರೀಕು ಹಾಕುತ್ತೇನೆ, ಎಣಿಸಬಹುದಾದದ್ದನ್ನೆಲ್ಲ ಗೀಟೆಳೆದು ಎಣಿಸುತ್ತೇನೆ. ರೆಸಾರ್ಟ್‌ನಲ್ಲಿ ಯಾರೂ ಓದಲಾರರೆಂಬ ಧೈರ್ಯದಿಂದ ಕನ್ನಡದಲ್ಲಿ ಬರೆಯುತ್ತಿದ್ದೆ. ಎರಡನೇ ವರ್ಷಕ್ಕೆ ಬೆಂಗಳೂರಿನ ರಾಜಾಜಿನಗರದ ಗಿರೀಶ್ ಸರ್ ಮ್ಯಾನೇಜರ್ ಆಗಿ ಬಂದರು. ಅಂದಿನಿಂದ ದಿನಚರಿ ದಿಂಬಿನ ಕೆಳಗೆ ಹೋಯಿತು. ಅದರಲ್ಲಿ ‘ಇಕೋ’ ಎಂಬ ಶಬ್ದ ಅವರ ಬಾಯಿಂದ ದಿನಕ್ಕೆಷ್ಟು ಸಲ ಬಂತೆಂಬ ಗೀಟುಗಳಿಗೇ ಪ್ರತ್ಯೇಕ ಪುಟಗಳಿದ್ದವು.

ನನ್ನ ಹುದ್ದೆಯ ಹೆಸರು ‘ಸೇಫ್ಟಿ ಅಂಡ್ ಎಥಿಕ್ಸ್ ಆಫೀಸರ್’. ಸುರಕ್ಷತೆ ಮತ್ತು ನೀತಿ, ಎರಡೂ ಒಬ್ಬಳಿಗೇ. ಬೆಳಗ್ಗೆ ಸುರಕ್ಷತೆ, ಸಮಯ ಉಳಿದರೆ ಸಂಜೆ ನೀತಿ. ಸಮಯ ಉಳಿಯುತ್ತಿದ್ದದ್ದು ಮಳೆಗಾಲದಲ್ಲಿ. ಆಗ ರೆಸಾರ್ಟ್ ಮುಚ್ಚಿರುತ್ತಿತ್ತು.

ಶಾರ್ಕ್‌ಗೆ ಊಟ ಹಾಕುವ ಪದ್ಧತಿ ಸರಳ. ದೋಣಿ ಹವಳದ ದಿಣ್ಣೆಯ ಬಳಿ ಹೋಗಿ ನಿಲ್ಲುತ್ತದೆ. ದೋಣಿಯವರಾದ ರಮ್ಲಿ ಪಾಕ್‌ಚಿಕ್, ಅಂದರೆ ರಮ್ಲಿ ಮಾವ, ಅಲ್ಯೂಮಿನಿಯಂ ಸೌಟಿನಿಂದ ದೋಣಿಯ ಅಂಚಿಗೆ ಟಣ್ ಟಣ್ ಟಣ್ ಎಂದು ತಟ್ಟುತ್ತಾರೆ. ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪಗಿರುವ ಶಾರ್ಕ್‌ಗಳು ಬರುತ್ತವೆ. ಒಂದಾಳುದ್ದವೂ ಇಲ್ಲದ, ಸ್ವಭಾವತಃ ಪುಕ್ಕಲು ಪ್ರಾಣಿಗಳು. ಬಕೆಟ್ಟಿನಿಂದ ಮೀನಿನ ತುಂಡುಗಳು ಬೀಳುತ್ತವೆ, ಜನ ಕಿರುಚುತ್ತಾರೆ, ಮೊಬೈಲುಗಳಲ್ಲಿ ಒಂದೋ ಎರಡೋ ನೀರಿಗೆ ಬೀಳುತ್ತವೆ.

ಹೊಸಬರು ತಿಳಿದಿರಬೇಕಾದ ಒಂದೇ ವಿಷಯವಿದೆ. ಶಾರ್ಕ್ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಅದಕ್ಕೆ ಮನುಷ್ಯನ ಹತ್ತಿರ ಮೀನಿದೆ ಎಂದು ನಾವು ಕಲಿಸುತ್ತೇವೆ. ಕಲಿತ ಮೇಲೆ, ಕದಡಿದ ನೀರಿನಲ್ಲಿ, ಬೆರಳು ಯಾವುದು ಮೀನಿನ ತುಂಡು ಯಾವುದು ಎಂದು ವಿಂಗಡಿಸುತ್ತ ಕೂರಲು ಅದಕ್ಕೆ ಪುರುಸೊತ್ತಿರುವುದಿಲ್ಲ. ಎದೆಯ ರೆಕ್ಕೆಗಳನ್ನು ಕೆಳಗಿಳಿಸಿ, ಬೆನ್ನು ಗೂನು ಮಾಡಿ, ಗಕ್ಕನೆ ತಿರುಗತೊಡಗಿತೆಂದರೆ ಎಲ್ಲರನ್ನೂ ಮೇಲಕ್ಕೆ ಕರೆಯಬೇಕು. ಇದನ್ನು ನಾನು ದೋಣಿಯಲ್ಲಿ ಪ್ರತಿದಿನ ಹೇಳುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನನ್ನ ಕಾಲದ ಮೊದಲ ‘ಶಾರ್ಕ್ ದಾಳಿ’ ನಡೆದದ್ದು ೨೦೧೯ರ ಮೇ ತಿಂಗಳಲ್ಲಿ. ಕೌಲಾಲಂಪುರದಿಂದ ಬಂದಿದ್ದ ಒಬ್ಬ ಜಾಹೀರಾತು ಕಂಪನಿಯ ಯುವಕ ಈಜುಚಡ್ಡಿಯ ಜೇಬಿನಲ್ಲಿ ಕರಿ ಪಫ್ ಎಂಬ ಪಲ್ಯ ತುಂಬಿದ ಕಡುಬು ಇಟ್ಟುಕೊಂಡು ನೀರಿಗಿಳಿದ. ಅವನನ್ನು ಕಚ್ಚಿದ್ದು ಶಾರ್ಕ್ ಅಲ್ಲ, ಟ್ರಿಗರ್‌ಫಿಶ್. ಗೂಡು ಕಾಯುತ್ತಿದ್ದಾಗ ಯಾರಾದರೂ ಮೇಲಿಂದ ಹಾದರೆ ಸಹಿಸದ, ಉಬ್ಬುಹಲ್ಲಿನ ಮೀನು. ಕಚ್ಚಿದ ಜಾಗವನ್ನು ಅವನು ದೋಣಿಯಲ್ಲಿ ಯಾರಿಗೂ ತೋರಿಸುವಂತಿರಲಿಲ್ಲ. ಆದರೂ ಸಂಜೆಯ ಹೊತ್ತಿಗೆ ‘ಶಾರ್ಕ್ ದಾಳಿಯಲ್ಲಿ ಬದುಕುಳಿದೆ’ ಎಂದು ಪೋಸ್ಟ್ ಹಾಕಿದ. ತಪ್ಪನ್ನು ತಿದ್ದುವ ಪ್ರಕಟಣೆ ಬರೆದು ಗಿರೀಶ್ ಸರ್ ಮುಂದಿಟ್ಟೆ.

“ಯಾಕಮ್ಮ ತಿದ್ದಬೇಕು?” ಎಂದರು. “ಬೆಳಗ್ಗೆಯಿಂದ ಫೋನ್ ನಿಂತಿಲ್ಲ. ಎಲ್ರೂ ಅದೇ ಬೋಟ್ ಬೇಕು ಅಂತಾರೆ.”

ಇನ್ನೊಂದು ಪ್ರಕರಣ ನಮ್ಮವರದೇ. ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ ನೆಲೆಸಿದ್ದ ಮೈಸೂರಿನ ಕುಟುಂಬವೊಂದು ಬಂತು. ಜೊತೆಯಲ್ಲಿ ಪಂಚೆಯುಟ್ಟ ತಾತ. ದೋಣಿ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

“ನಾವು ಮೀನು ಮುಟ್ಟೋ ಹಾಗಿಲ್ಲ ತಾಯಿ. ಮಂಡಕ್ಕಿ ತಂದಿದೀನಿ, ಹಾಕಬಹುದಾ?”

“ತಾತ, ಶಾರ್ಕ್ ಮಂಡಕ್ಕಿ ತಿನ್ನಲ್ಲ.”

“ಶೃಂಗೇರೀಲಿ ತಿಂತಾವಲ್ಲ.”

“ಅವು ಬೇರೆ ಮೀನು ತಾತ.”

“ನೀರು ಯಾವುದಾದ್ರೇನು, ಹಸಿವು ಒಂದೇ ಅಲ್ವೇನಮ್ಮ?”

ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎಸೆದು ಪುಣ್ಯ ಸಂಪಾದಿಸಿದ ವಂಶದವರು ನಾವು. ನೀರು ಕಂಡರೆ ಏನಾದರೂ ಎಸೆಯದೆ ಕೈ ಸುಮ್ಮನಿರುವುದಿಲ್ಲ. ತಾತ ಒಂದು ಪೊಟ್ಟಣ ಮಂಡಕ್ಕಿ ಸುರಿದರು. ಪಟ್ಟೆಪಟ್ಟೆಯ ಪುಟ್ಟ ಮೀನುಗಳು ಮುತ್ತಿಕೊಂಡು, ಮಂಡಕ್ಕಿ ಮುಗಿದ ಮೇಲೆ ನೀರಿಗೆ ಇಳಿಬಿಟ್ಟಿದ್ದ ಅವರ ಕಾಲ್ಬೆರಳುಗಳನ್ನು ಕಚ್ಚತೊಡಗಿದವು. ತಾತ ಆನಂದದಿಂದ ಕಣ್ಮುಚ್ಚಿ, “ಇದರಲ್ಲಿ ಶಾರ್ಕ್ ಯಾವುದಮ್ಮ?” ಎಂದು ಕೇಳಿದರು. ಮರುವಾರ ಗಿರೀಶ್ ಸರ್ ‘ಸಾತ್ವಿಕ ಫೀಡಿಂಗ್’ ಎಂಬ ಹೊಸ ಪ್ಯಾಕೇಜ್ ಹೊರಡಿಸಿದರು.

೨೦೨೦ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿತ್ತು. ಸೀಸನ್ ಶುರುವಾಗುವ ಮೊದಲೇ ಮುಗಿಯಿತು. ಅತಿಥಿಗಳಿಲ್ಲದ ರೆಸಾರ್ಟ್‌ನಲ್ಲಿ ಉಳಿದವರು ಬೆರಳೆಣಿಕೆಯ ಸಿಬ್ಬಂದಿ. ಗಿರೀಶ್ ಸರ್ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಅವರ ಬಗ್ಗೆ ಮುಂದೆ ನಾನು ಏನೇ ಬರೆದರೂ ಇದನ್ನು ಪಕ್ಕಕ್ಕಿಟ್ಟು ಓದಬಾರದು.

ಬಿಡುವಿತ್ತು, ಹೊಸ ಸುರಕ್ಷತಾ ನಿಯಮಾವಳಿ ಸಿದ್ಧವಾಯಿತು. ಜ್ವರ ನೋಡುವುದು, ಕೈ ತೊಳೆಯುವುದು, ದೋಣಿಯಲ್ಲಿ ಮಾಸ್ಕ್ ಹಾಕಿಕೊಂಡಿದ್ದು ನೀರಿಗಿಳಿಯುವಾಗ ತೆಗೆಯುವುದು, ಹೀಗೆ ಪುಟಗಟ್ಟಲೆ ವೈರಸ್ಸಿನದೇ ಮಾತು. ಶಾರ್ಕ್ ವಿಭಾಗದಲ್ಲಿ ಒಂದೇ ಸಾಲು: ‘ದಯವಿಟ್ಟು ಒಂದು ಮೀಟರ್ ಅಂತರ ಕಾಯ್ದುಕೊಳ್ಳಿ.’ ಯಾರು ಕಾಯ್ದುಕೊಳ್ಳಬೇಕು ಎಂದು ಹೇಳಿರಲಿಲ್ಲ.

ಇನ್ನು ಮುಂದಿನದು ಯಾಹ್ ಮಾಕ್‌ಚಿಕ್ ಅವರ ಮಂಡಿಯ ಕತೆ. ಮಾಕ್‌ಚಿಕ್ ಎಂದರೆ ಅತ್ತೆ, ಚಿಕ್ಕಮ್ಮ, ಏನು ಬೇಕಾದರೂ ಆಗುತ್ತದೆ. ಇವರು ರಮ್ಲಿ ಪಾಕ್‌ಚಿಕ್ ಅವರ ಹೆಂಡತಿ. (ಇವರಿಬ್ಬರೂ ಮಾತಾಡುತ್ತಿದ್ದದ್ದು ಮಲಯ್ ಭಾಷೆ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಜನವರಿಯಲ್ಲಿ ಆಕೆಯ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಹೊಸ ಕೀಲು ಹಾಕಿದ್ದರು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಬೇಕಿತ್ತು. ಬೀಗ ಬಿದ್ದ ಮೇಲೆ ದಡದ ಆಸ್ಪತ್ರೆಗೆ ಹೋಗುವ ದೋಣಿಯೂ ಇಲ್ಲ, ವ್ಯಾಯಾಮದ ವಿಭಾಗವೂ ತೆರೆದಿಲ್ಲ. ಅವರದು ಕಂಬಗಳ ಮೇಲೆ ಕಟ್ಟಿದ ಮರದ ಮನೆ. ಒಳಗೆ ಹೋಗಲು ಕಡಿದಾದ ಮೆಟ್ಟಿಲು. ಆಕೆಯನ್ನು ಗಂಡ ಬೆನ್ನ ಮೇಲೆ ಹೊತ್ತು ಹತ್ತಿಸಬೇಕಾಗಿತ್ತು.

“ಮದುವೆಯಾದ ಹೊಸದರಲ್ಲಿ ಹೊತ್ತುಕೋ ಅಂದ್ರೆ ನಾಚಿಕೆ ಅಂದ,” ಎನ್ನುತ್ತಿದ್ದರು ಮಾಕ್‌ಚಿಕ್. “ಈಗ ಊರೆಲ್ಲ ನೋಡ್ತಿರುವಾಗ ಹೊರ್ತಾನೆ.”

ನನ್ನ ಅಪ್ಪ ಉಡುಪಿಯವರು. ಮಲೇಷ್ಯಾದ ಮೆಡಿಕಲ್ ಕಾಲೇಜೊಂದರಲ್ಲಿ ಮೂಳೆ ವಿಭಾಗದ ಪ್ರಾಧ್ಯಾಪಕರು. ಫೋನಿನಲ್ಲಿ ವಿಷಯ ಹೇಳಿದೆ.

“ಹೊಲಿಗೆ ಒಣಗಿದೆಯಾ? ಹಾಗಾದ್ರೆ ಸೊಂಟದ ಮಟ್ಟದ ನೀರಲ್ಲಿ ನಡೆಸು ಮಾರಾಯ್ತಿ. ನೀರು ಭಾರ ಹೊರ್ತದೆ. ಆದ್ರೆ ದಿನಾ ಆಗ್ಬೇಕು. ಈಗ ಮಡಚದಿದ್ರೆ ಕೀಲು ಹಿಡ್ಕೊಳ್ತದೆ. ಮತ್ತೆ ನಾನು ಬಂದ್ರೂ ಆಗುದಿಲ್ಲ, ನನ್ನ ಗುರುಗಳು ಬಂದ್ರೂ ಆಗುದಿಲ್ಲ.”

ದ್ವೀಪದಲ್ಲಿ ಹಾಗೆ ನಡೆಯಬಹುದಾದ ಜಾಗ ಒಂದೇ: ರೆಸಾರ್ಟ್‌ನ ದೋಣಿಗಳು ನಿಲ್ಲುವ ಮರದ ಜೆಟ್ಟಿಯ ಪಕ್ಕ. ಬೇರೆಲ್ಲ ಕಡೆ ಹವಳ ಕಾಲು ಕೊಯ್ಯುತ್ತದೆ. ಜೆಟ್ಟಿಯ ಬದಿ ಮಾತ್ರ ಹಾಸಿದಂಥ ಮರಳು, ಹಿಡಿದುಕೊಳ್ಳಲು ಕಂಬದಿಂದ ಕಂಬಕ್ಕೆ ಹಗ್ಗ. ಇನ್ನೊಂದು ಅನುಕೂಲವೆಂದರೆ ಇಡೀ ದ್ವೀಪದಲ್ಲಿ ವೀಡಿಯೊ ಕರೆಗೆ ಸಾಕಾಗುವಷ್ಟು ವೈಫೈ ಸಿಗುತ್ತಿದ್ದದ್ದು ಆಫೀಸಿನಲ್ಲಿ ಮತ್ತು, ದೋಣಿಯಿಂದ ಇಳಿದವರು ಇಳಿದ ಕೂಡಲೇ ಪೋಸ್ಟ್ ಹಾಕಲೆಂದು ಗಿರೀಶ್ ಸರ್ ಕೂರಿಸಿದ್ದ ಯಂತ್ರದ ಕೃಪೆಯಿಂದ, ಜೆಟ್ಟಿಯ ತುದಿಯಲ್ಲಿ. ಪ್ರತಿದಿನ ಐದೂವರೆಗೆ ನಾನು ಜೆಟ್ಟಿಯಂಚಿನಲ್ಲಿ ಮೊಬೈಲ್ ಹಿಡಿದು ಕೂರುತ್ತಿದ್ದೆ. ಮಾಕ್‌ಚಿಕ್ ನೀರಿನಲ್ಲಿ ನಡೆಯುತ್ತಿದ್ದರು. ಅಪ್ಪ ಪರದೆಯೊಳಗಿನಿಂದ ತಮ್ಮ ಉಡುಪಿ ಮಲಯ್‌ನಲ್ಲಿ “ಸತು, ದುವಾ, ತಿಗಾ” ಎಂದು ಎಣಿಸುತ್ತಿದ್ದರು. ಏಪ್ರಿಲ್ ಮಧ್ಯದ ಹೊತ್ತಿಗೆ ಮಾಕ್‌ಚಿಕ್ ಮೊದಲ ಮೂರು ಮೆಟ್ಟಿಲು ತಾವೇ ಹತ್ತಿದರು. ಮಿಕ್ಕವಕ್ಕೆ ಗಂಡನ ಬೆನ್ನು.

ಆಗ ಗಿರೀಶ್ ಸರ್‌ಗೆ ಆಲೋಚನೆ ಬಂತು.

“ಸುಮನಾ, ಜನ ಮನೇಲಿ ಕೂತು ತಲೆ ಕೆಟ್ಟು ಹೋಗಿದ್ದಾರೆ ಕಣಮ್ಮ. ಕಂಪನಿಗಳಿಗೆ ಲೈವ್ ಶಾರ್ಕ್ ಫೀಡಿಂಗ್ ಕೊಡೋಣ. ಆನ್‌ಲೈನ್ ಟೀಮ್ ಬಿಲ್ಡಿಂಗ್! ಒಬ್ಬೊಬ್ಬ ಎಂಪ್ಲಾಯಿ ಹೆಸರಲ್ಲಿ ಒಂದೊಂದು ತುಂಡು. ತುಂಡು ಬೀಳುವಾಗ ಹೆಸರು ಕೂಗ್ತೀವಿ.”

ಅರ್ಚನೆ ಮಾಡಿಸಿದ ಹಾಗೆ ಎಂದುಕೊಂಡೆ. ಬಾಯಲ್ಲಿ, “ದಿಣ್ಣೆ ಹತ್ರ ನೆಟ್‌ವರ್ಕ್ ಇಲ್ಲ ಸರ್,” ಎಂದೆ.

“ಜೆಟ್ಟಿ ತುದೀಲಿ ಇದೆಯಲ್ಲ?”

“ಅಲ್ಲಿ ಶಾರ್ಕ್ ಇಲ್ಲ.”

“ಬರ್ತಾವೆ ಲಾ. ಊಟ ಅಂದ್ರೆ ಯಾರು ಬರಲ್ಲ?” ಇಲ್ಲಿಯವರ ಮಾತಿನ ಬಾಲವಾದ ‘ಲಾ’ ಅವರ ಕನ್ನಡಕ್ಕೂ ಅಂಟಿತ್ತು.

“ಅಲ್ಲಿ ಮಾಕ್‌ಚಿಕ್ ನಡೀತಾರೆ ಸರ್.”

“ಅವರದು ಐದೂವರೆ. ನಮ್ಮದು ನಾಲ್ಕೂವರೆ. ಸ್ಲಾಟ್ ಬೇರೆ ಬೇರೆ.”

“ಶಾರ್ಕ್‌ಗೆ ಸ್ಲಾಟ್ ಗೊತ್ತಾಗಲ್ಲ.”

“ನೀನು ತುಂಬಾ ನೆಗೆಟಿವ್ ಕಣಮ್ಮ. ಈಗಿನ ಕಾಲದಲ್ಲಿ ನೆಗೆಟಿವ್ ಇರಬೇಕಾದ್ದು ಟೆಸ್ಟ್ ರಿಸಲ್ಟ್ ಒಂದೇ.”

ವರದಿ ಬರೆದು ಕಳಿಸಿದೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬಂತು. ಎರಡನೆಯ ವರದಿಗೆ ಎರಡು ಹೆಬ್ಬೆರಳು.

ಹೀಗೆ ಹವಳದ ದಿಣ್ಣೆಯಲ್ಲಿ ತಮ್ಮಷ್ಟಕ್ಕೆ ಬೇಟೆಗೆ ಮರಳುತ್ತಿದ್ದ ಶಾರ್ಕ್‌ಗಳನ್ನು, ವೈಫೈ ಇದೆಯೆಂಬ ಏಕಮಾತ್ರ ಕಾರಣಕ್ಕೆ, ಮನುಷ್ಯರು ಕಾಲಿಡುವ ನೀರಿಗೆ ಕರೆಸಿಕೊಂಡೆವು. ರಮ್ಲಿ ಪಾಕ್‌ಚಿಕ್ ಮೊದಲೆರಡು ದಿನ ದೋಣಿಯಿಂದ ಸೌಟು ತಟ್ಟುತ್ತ, ತುಂಡು ಉದುರಿಸುತ್ತ ದಾರಿ ತೋರಿಸಿದರು. ನಾಲ್ಕನೆಯ ದಿನ ಜೆಟ್ಟಿಯ ಕಂಬಕ್ಕೆ ತಟ್ಟಿದರೆ ಸಾಕಾಯಿತು. ಆರನೆಯ ದಿನ ತಟ್ಟುವ ಮೊದಲೇ ಬಂದು ಕಾಯುತ್ತಿದ್ದವು. ಜೆಟ್ಟಿಯ ಹಲಗೆಗಳ ಮೇಲೆ ಒಂದು ಮೀಟರಿಗೊಂದು ಅಂತರದ ಸ್ಟಿಕ್ಕರ್ ಅಂಟಿಸಿದ್ದೆವು. ಇಡೀ ಜೆಟ್ಟಿಯಲ್ಲಿ ನಿಲ್ಲುತ್ತಿದ್ದವರು ಮೂವರು.

ಪರದೆಯ ಮೇಲೆ ಲೆಕ್ಕಪತ್ರ ವಿಭಾಗದವರು, ಮಾನವ ಸಂಪನ್ಮೂಲದವರು ಸಾಲಾಗಿ ಕಾಣಿಸಿಕೊಳ್ಳುತ್ತಿದ್ದರು. ಮೇಲೆ ಟೈ, ಕೆಳಗೆ ಏನೋ. ಗಿರೀಶ್ ಸರ್ ಫೇಸ್ ಶೀಲ್ಡ್ ಹಾಕಿಕೊಂಡು ಮೈಕಿನಲ್ಲಿ ಹೆಸರು ಕೂಗುವರು, ತುಂಡು ಬೀಳುವುದು, ನೀರು ಸಿಡಿಯುವುದು. ಒಬ್ಬ ಮೇಲಧಿಕಾರಿ ತನ್ನ ಹೆಸರಿನ ತುಂಡು ಚಿಕ್ಕದಾಯಿತೆಂದು ದೂರು ಕೊಟ್ಟರು. ಅದು ರಂಜಾನ್ ತಿಂಗಳು. ಆ ಜೆಟ್ಟಿಯಲ್ಲಿ ಹಗಲು ಹೊತ್ತು ಉಣ್ಣುತ್ತಿದ್ದವರು ನಾನು, ಗಿರೀಶ್ ಸರ್ ಮತ್ತು ಶಾರ್ಕ್‌ಗಳು. ಬಾಯಿಗೆ ಹನಿ ನೀರಿಲ್ಲದೆ ಉಪವಾಸ ನಿಂತು ಬಡಿಸುತ್ತಿದ್ದವರು ರಮ್ಲಿ ಪಾಕ್‌ಚಿಕ್.

ಉಪವಾಸದ ಮೊದಲ ವಾರದ ಒಂದು ಸಂಜೆ ಮಾಕ್‌ಚಿಕ್ ಹಗ್ಗ ಹಿಡಿದು ನಡೆಯುತ್ತಿದ್ದಾಗ, ಮುಗಿದು ಗಂಟೆಯಾಗಿದ್ದ ಪ್ರದರ್ಶನದ ಗಿರಾಕಿಯೊಂದು ಕಂಬದ ಹಿಂದಿನಿಂದ ಬಂದು ಆಕೆಯ ಮಂಡಿಗೆ ಮೂತಿ ತಾಗಿಸಿತು. ಮಾಕ್‌ಚಿಕ್ ಕೈಯ ಊರುಗೋಲಿನಿಂದ ನೀರಿಗೆ ರಪ್ಪೆಂದು ಬಡಿದರು. ಅದು ಓಡಿತು. ನಾನು ಹಾರಿ ಅವರನ್ನು ಎಳೆದುಕೊಂಡೆ.

“ಹೊಸ ಮಂಡಿ ಅಲ್ವಾ, ಅದಕ್ಕೂ ಆಸೆಯಾಗಿರಬೇಕು ಲಾ,” ಎಂದರು. ನಗೆ ಬಂದದ್ದು ಬಾಯಿಂದ ಮಾತ್ರ. ಮರಳಿನ ಮೇಲೆ ಬಂದು ಕುಳಿತ ಮೇಲೂ ನನ್ನ ತೋಳು ಬಿಡಲಿಲ್ಲ.

ಮಾರನೆಯ ದಿನ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ಅಪ್ಪ ಐದೂವರೆಗೆ ಪರದೆಯಲ್ಲಿ ಹಾಜರಾಗುವರು. “ಎಂತ, ಇವತ್ತೂ ಇಲ್ವಾ? ಸುಮಿ, ನಾನು ಹೆದರಿಸುದಲ್ಲ, ಕೀಲು ಕಾಯುದಿಲ್ಲ.” ಮನೆಗೆ ಹೋಗಿ ನೋಡಿದೆ. ಮಾಕ್‌ಚಿಕ್ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಮಡಚಿ ಎಂದರೆ ಮಂಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಹತ್ತಿದ್ದ ಮೂರು ಮೆಟ್ಟಿಲೂ ಕೈಬಿಟ್ಟಿದ್ದವು.

ಹೊರಗೆ ಬಂದು ರಮ್ಲಿ ಪಾಕ್‌ಚಿಕ್‌ಗೆ, “ತಟ್ಟುವವರು ನೀವೇ, ಹೊರುವವರೂ ನೀವೇ,” ಎಂದೆ.

“ನಿನಗೆ ಬರೆಯೋಕೆ ರಿಪೋರ್ಟ್ ಇದೆ,” ಎಂದರು ಅವರು. “ನನಗಿರೋದು ಸೌಟು. ಅದು ತಟ್ಟಿದರೆ ಮನೆಗೆ ಅಕ್ಕಿ. ಯಾಹ್‌ಗೆ ಅದು ಗೊತ್ತು. ಅದಕ್ಕೇ ಅವಳು ನನ್ನನ್ನ ಏನೂ ಕೇಳ್ತಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.”

ಮೇ ತಿಂಗಳಲ್ಲಿ, ರಂಜಾನ್ ಹಬ್ಬಕ್ಕೆ ಕೆಲವೇ ದಿನ ಮುಂಚೆ, ಒಂದು ವಿಮಾ ಕಂಪನಿ ತನ್ನ ಸುರಕ್ಷತಾ ಸಪ್ತಾಹಕ್ಕೆ ನಮ್ಮ ಶಾರ್ಕ್‌ಗಳನ್ನು ಆರಿಸಿಕೊಂಡಿತು. ಮೊದಲು ಊಟ, ನಂತರ ನಾನು ಐದು ನಿಮಿಷ ಸುರಕ್ಷತೆಯ ಬಗ್ಗೆ ಮಾತಾಡಬೇಕು. ಹಿಂದಿನ ಸಂಜೆ ಮಾಕ್‌ಚಿಕ್‌ಗೆ ಅಪ್ಪನ ಮಾತನ್ನು ಬಣ್ಣ ಹಚ್ಚದೆ ತಲುಪಿಸಿದ್ದೆ: ಇನ್ನೊಂದೆರಡು ವಾರ ಹೀಗೇ ಕುಳಿತರೆ ಮೆಟ್ಟಿಲು ಮರೆತುಬಿಡಬಹುದು.

ನಾಲ್ಕೂವರೆ. ಪರದೆಯ ತುಂಬ ಮುಖಗಳು. ಗಿರೀಶ್ ಸರ್ ಮೈಕಿನಲ್ಲಿ, “ಈಗ ನಮ್ಮ ಸೀನಿಯರ್ ಶಾರ್ಕ್ ಕಾಲರ್!” ಎಂದು ಘೋಷಿಸಿದರು. ಪಾಕ್‌ಚಿಕ್ ಸೌಟೆತ್ತಿದರು. ಅಷ್ಟರಲ್ಲಿ ಜೆಟ್ಟಿಯ ಕೆಳಮೆಟ್ಟಿಲುಗಳು ಕಿರುಗುಟ್ಟಿದವು. ಮಾಕ್‌ಚಿಕ್, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಹಗ್ಗ, ಉಟ್ಟ ಸರೋಂಗ್ ನೀರಿನ ಮೇಲೆ ಬಲೂನಿನಂತೆ ಉಬ್ಬಿಕೊಂಡು, ನೀರಿಗಿಳಿಯುತ್ತಿದ್ದರು. ಕಂಬಗಳ ಆಚೆ ಒಂದು ಕಪ್ಪು ತುದಿಯ ರೆಕ್ಕೆ ಆಗಲೇ ಸುತ್ತುತ್ತಿತ್ತು.

ಗಿರೀಶ್ ಸರ್ ಮೈಕಿಗೆ ಕೈ ಮುಚ್ಚಿ, “ಸುಮನಾ, ಕರಿ ಅವರನ್ನ! ಐದೂವರೆಗೆ ಬರೋಕೆ ಹೇಳು!” ಎಂದು ಪಿಸುಗುಟ್ಟಿದರು.

ನಾನು ಹೇಳುವ ಮುಂಚೆಯೇ ಮಾಕ್‌ಚಿಕ್ ಕೆಳಗಿನಿಂದ, “ನಾಲ್ಕೂವರೆ ಐದೂವರೆ ಅಂತ ನಿನ್ನ ಮೀನುಗಳಿಗೇ ಗೊತ್ತಾಗಲ್ಲವಂತೆ ಗಿರೀಶ್, ನನಗೆ ಹೇಗೆ ಗೊತ್ತಾಗಬೇಕು?” ಎಂದರು. ಆಮೇಲೆ ಗಂಡನ ಕಡೆ ತಲೆಯೆತ್ತಿ, “ತಟ್ಟೋದಿದ್ರೆ ತಟ್ಟು. ಯಾರನ್ನ ಬಡಿಸ್ತಿದ್ದೀ ಅಂತ ನೋಡ್ಕೊಂಡು ತಟ್ಟು,” ಎಂದರು.

“ತಟ್ಟಿ ಲಾ, ಪಾಕ್‌ಚಿಕ್,” ಎಂದರು ಗಿರೀಶ್ ಸರ್. “ಕ್ಲೈಂಟ್ ಕಾಯ್ತಿದ್ದಾರೆ.”

ರಮ್ಲಿ ಪಾಕ್‌ಚಿಕ್ ಸೌಟನ್ನು ಎತ್ತಿದ ಕಡೆಯೇ ಹಿಡಿದು ನಿಂತರು. ಆಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ಉಟ್ಟ ಬಟ್ಟೆಯಲ್ಲೇ ಹೆಂಡತಿಯ ಪಕ್ಕಕ್ಕೆ ಇಳಿದರು.

ನನಗೆ ಐದು ನಿಮಿಷ ಕೊಟ್ಟಿದ್ದರಲ್ಲ. ಮೈಕ್ ತೆಗೆದುಕೊಂಡೆ. “ಇವತ್ತಿನ ಸುರಕ್ಷತಾ ಪಾಠ, ಬಕೆಟ್ ಮುಚ್ಚುವುದು ಹೇಗೆ,” ಎಂದು ಹೇಳಿ ಮುಚ್ಚಳ ಒತ್ತಿ, ಅದನ್ನು ಜೆಟ್ಟಿಯುದ್ದಕ್ಕೂ ಹೊತ್ತು ದಡದಲ್ಲಿಟ್ಟು ಬಂದೆ. ಪೂರ್ವತಯಾರಿ ಮಾಡಿದ್ದ ಹನ್ನೆರಡು ಸ್ಲೈಡುಗಳು ಹಾಗೇ ಉಳಿದವು. ನನ್ನ ವೃತ್ತಿಜೀವನದಲ್ಲಿ ನಾನು ಕೊಟ್ಟ ಅತ್ಯಂತ ಚಿಕ್ಕ ಉಪನ್ಯಾಸ ಅದು. ಜನ ಪೂರ್ತಿ ಕೇಳಿಸಿಕೊಂಡದ್ದೂ ಅದೊಂದನ್ನೇ.

ರೆಕ್ಕೆ ಎರಡು ಸುತ್ತು ಬಂತು. ಏನೂ ಬೀಳಲಿಲ್ಲ. ಪಾಕ್‌ಚಿಕ್ ಅದಕ್ಕೂ ಹೆಂಡತಿಗೂ ನಡುವೆ ನಿಂತಿದ್ದರು. ಅದು ಆಳದ ಕಡೆ ತಿರುಗಿತು. ನಾನು ಇನ್ನೊಂದು ಮೊಬೈಲಿನಲ್ಲಿ ಅಪ್ಪನಿಗೆ ಕರೆ ಮಾಡಿದೆ. ಆನ್‌ಲೈನ್ ಕ್ಲಾಸಿನ ಮಧ್ಯೆ ಇದ್ದವರು ಹಾಗೆಯೇ ಶುರುಮಾಡಿದರು: “ಸತು... ದುವಾ... ಹಾಂ, ಮಂಡಿ ಎತ್ತಿ, ಇನ್ನೂ ಸ್ವಲ್ಪ...” ವಿಮಾ ಕಂಪನಿಯವರು ಮೈಕ್ ತೆರೆದು ಎಣಿಕೆಗೆ ಸೇರಿಕೊಂಡರು. ಮಾಕ್‌ಚಿಕ್ ಹತ್ತಕ್ಕೆ ಬಂದಾಗ ಚಪ್ಪಾಳೆ ಬಿತ್ತು.

ಗಿರೀಶ್ ಸರ್ ಸಿಟ್ಟಾಗಿದ್ದರು. ವಿಮಾ ಕಂಪನಿಯಿಂದ ‘ಇದುವರೆಗಿನ ಅತ್ಯುತ್ತಮ ಕಾರ್ಯಕ್ರಮ’ ಎಂಬ ಸಂದೇಶ ಬರುವವರೆಗೂ ಸಿಟ್ಟಾಗಿದ್ದರು. ಹಬ್ಬ ಮುಗಿದ ವಾರವೇ ‘ಮಾಕ್‌ಚಿಕ್ ಜೊತೆ ಹೆಜ್ಜೆ’ ಎಂಬ ಪ್ಯಾಕೇಜ್ ಹೊರಟಿತು. ಮಾಕ್‌ಚಿಕ್ ಎರಡು ಷರತ್ತು ಹಾಕಿದರು: ಗಂಡನಿಗೆ ಸೌಟು ತಟ್ಟಿದಾಗ ಸಿಗುತ್ತಿದ್ದದ್ದು ಸಿಗಬೇಕು, ಗಿರೀಶ್ ತಾನೂ ನೀರಿಗಿಳಿದು ಬೈಠಕ್ ಹೊಡೆಯಬೇಕು. ಹೊಡೆದರು. ಜೆಟ್ಟಿಯ ಬಳಿ ಬರುವ ಶಾರ್ಕ್‌ಗಳನ್ನು ನಾನು ದಿನಾ ಎಣಿಸುತ್ತಿದ್ದೆ. ಗೀಟುಗಳು ತೆಳ್ಳಗಾಗುತ್ತ ಬಂದು ಜುಲೈ ಹೊತ್ತಿಗೆ ನಿಂತವು. ನೀತಿ ಗೆದ್ದಿತೆಂದು ನಾನು ಬರೆದುಕೊಳ್ಳಲಿಲ್ಲ. ನೀತಿಗಿಂತ ಚೆನ್ನಾಗಿ ಮಾರಾಟವಾಗುವ ಸರಕು ಸಿಕ್ಕಿತು, ಅಷ್ಟೇ.

ಮುಂದಿನ ಎರಡು ವರ್ಷ ದ್ವೀಪ ತೆರೆಯುತ್ತ ಮುಚ್ಚುತ್ತ ಹೋಯಿತು. ಹಳ್ಳಿಯ ನೋವುಮಂಡಿಗಳೆಲ್ಲ ಸಂಜೆ ಜೆಟ್ಟಿಯ ನೀರಿಗೆ ಬರತೊಡಗಿದವು. ೨೦೨೨ರ ಏಪ್ರಿಲ್‌ನಲ್ಲಿ ಗಡಿಗಳು ತೆರೆದವು. ಗಿರೀಶ್ ಸರ್ ನಕ್ಷೆ ಹರಡಿದರು. ಜೆಟ್ಟಿಯಲ್ಲಿ ಮತ್ತೆ ಫೀಡಿಂಗ್. ಈ ಸಲ ‘ಎಥಿಕಲ್ ಫೀಡಿಂಗ್’. ಅಂದರೆ ಅದೇ ಮೀನು, ಬಿದಿರಿನ ಚಿಮಟದಲ್ಲಿ. ಹೊಸ ಫಲಕದ ಕೆಳಗೆ ‘ಸುರಕ್ಷಿತ ಮತ್ತು ನೈತಿಕ’ ಎಂದು ನನ್ನ ಸಹಿ ಬೇಕಿತ್ತು.

ಅದೇ ವಾರ, ತೆರೆದ ಗಡಿ ದಾಟಿ ಬಂದವರಲ್ಲಿ ಗಿರೀಶ್ ಸರ್ ಅವರ ತಾಯಿಯೂ ಒಬ್ಬರು. ಮಗನನ್ನು ನೋಡದೆ ಎರಡು ವರ್ಷವಾಗಿತ್ತು. ಎರಡೂ ಮಂಡಿ ಹೋಗಿದ್ದವು. ಮೂರನೆಯ ಸಂಜೆಗೆಲ್ಲ ಅವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಯಾಹ್ ಮಾಕ್‌ಚಿಕ್ ಕೈ ಹಿಡಿದು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆಯೂ ಎಡೆಬಿಡದೆ ಮಾತಾಡುತ್ತ ನೀರಿನಲ್ಲಿದ್ದರು.

“ಗಿರೀಶ, ಇಲ್ಲಿ ಶಾರ್ಕು ಬರ್ತಾವಂತೇನೋ?” ಎಂದು ಕೂಗಿ ಕೇಳಿದರು.

ಜೆಟ್ಟಿಯ ಮೇಲೆ ಅಳತೆ ಪಟ್ಟಿ ಹಿಡಿದು ನಿಂತಿದ್ದ ಗಿರೀಶ್ ಸರ್ ನನ್ನ ಮುಖ ನೋಡಿದರು. ಅಳತೆ ಪಟ್ಟಿ ಸರ್ರನೆ ಸುತ್ತಿಕೊಂಡಿತು.

“ಇಲ್ಲಮ್ಮ. ಇಲ್ಲಿ ಬರಲ್ಲ. ನಾವು ಬಿಡಲ್ಲ.”

ಜೆಟ್ಟಿಯ ಫಲಕ ಅಲ್ಲಿಗೆ ಮುಗಿಯಿತು. ಆದರೆ ಹವಳದ ದಿಣ್ಣೆಯ ಹತ್ತಿರ ಯಾರ ಅಮ್ಮನೂ ನಡೆಯುವುದಿಲ್ಲ. ಬಿದಿರಿನ ಚಿಮಟ ಅಲ್ಲಿಗೆ ಹೋಯಿತು, ಫಲಕವೂ ಹೋಯಿತು. ಪಾಕ್‌ಚಿಕ್ ತಟ್ಟುವುದಿಲ್ಲವೆಂದರು, ಬೇರೆ ದೋಣಿಯವರು ಸಿಕ್ಕರು. ನಾನು ಸಹಿ ಹಾಕುವುದಿಲ್ಲವೆಂದೆ, ಬೇರೆ ಅಧಿಕಾರಿ ಸಿಗುತ್ತಾರೆಂದು ಗಿರೀಶ್ ಸರ್ ಮೃದುವಾಗಿಯೇ ಹೇಳಿದರು. ಸಿಕ್ಕಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ಮತ್ತೆ ರಂಜಾನ್ ತಿಂಗಳು; ಹೊರಡುವ ಹಿಂದಿನ ಸಂಜೆ, ಉಪವಾಸ ಬಿಟ್ಟ ಮೇಲೆ, ರಮ್ಲಿ ಪಾಕ್‌ಚಿಕ್ ಮನೆಯಲ್ಲಿ ಊಟ. ಅಡುಗೆ ಕೆಳಗೆ ಅಂಗಳದ ಒಲೆಯಲ್ಲಿ. ಮಾಕ್‌ಚಿಕ್ ಗುಲಾಯಿ ಎಂಬ ಮೀನಿನ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಪಾಕ್‌ಚಿಕ್ ಹಿಂದೆಯೇ ಬೆನ್ನು ಬಗ್ಗಿಸಿಕೊಂಡು ಬಂದರು. “ಸರಿ ಆಚೆ, ಸಾರು ಚೆಲ್ಲುತ್ತೆ,” ಎಂದು ಬೈಸಿಕೊಂಡರು. ಮೇಲೆ ಹೋಗಿ ಪಾತ್ರೆಯಿಟ್ಟು, ಮಾಕ್‌ಚಿಕ್ ಅದರಿಂದ ಒಂದು ಅಲ್ಯೂಮಿನಿಯಂ ಸೌಟು ತೆಗೆದರು. ಅದೇ ಸೌಟು. “ಮಕಾನ್! ಊಟಕ್ಕೆ ಬನ್ನಿ!” ಎಂದು ಪಾತ್ರೆಯ ಅಂಚಿಗೆ ತಟ್ಟಿದರು. ಟಣ್ ಟಣ್ ಟಣ್.

ಮೊದಲು ಬಂದವರು ಗಿರೀಶ್ ಸರ್. ರೆಸಾರ್ಟ್‌ನ ಬೇಲಿಯಾಚೆಯಿಂದಲೇ ಕೇಳಿಸಿತ್ತಂತೆ.